ರೇಡಿಯಂ ಅಂಗಡಿಗೆ ಬಂದ ಬಾಲದ ಕಪ್ಪೆ

ನನ್ನನ್ನು ಎಲ್ಲರೂ ಕರೆಯುವುದು ರೇಡಿಯಂ ಅಣ್ಣ ಎಂದು. ವಯಸ್ಸು ಮೂವತ್ತನಾಲ್ಕು. ಕಸುಬು, ವಾಹನಗಳಿಗೆ ಹೊಳೆಯುವ ಸ್ಟಿಕ್ಕರ್ ಕತ್ತರಿಸಿ ಅಂಟಿಸುವುದು. ವಾಸ, ಬಸ್ ನಿಲ್ದಾಣದ ಹಿಂದಿನ ಓಣಿ, ಅಂಗಡಿಯ ಮೇಲಿನ ಮಹಡಿ. ಅತ್ತೆಯವರ ಒತ್ತಾಯವೊಂದನ್ನು ಬಿಟ್ಟು ಬೇರೆ ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಬಂದು ಈ ಮೂಲಕ ಹೇಳಿ ಬರೆಸುವುದೇನೆಂದರೆ:

ಈ ಸ್ಟಿಕ್ಕರಿಗೆ ಜನ ರೇಡಿಯಂ ಎನ್ನುತ್ತಾರೆ. ಅದರಲ್ಲಿ ರೇಡಿಯಂ ಇಲ್ಲ. ಬೆಳಕು ಬಿದ್ದರೆ ಹೊಳೆಯುವ ಪ್ಲಾಸ್ಟಿಕ್ ಹಾಳೆ, ಅಷ್ಟೇ. ಇದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಬೇಕೆಂದು ಕೋರಿದೆ. ಇಲ್ಲಿ ಎಲ್ಲ ಅಕ್ಷರವೂ ಒಂದೇ ದಪ್ಪ ಎಂದು ಇದನ್ನು ಬರೆದುಕೊಳ್ಳುತ್ತಿರುವ ರೈಟರ್ ಸಾಹೇಬರು ಗದರಿದರು.

ನನ್ನ ಅಂಗಡಿಯ ಪಕ್ಕದ ಗೋಡೆಯಾಚೆ ಪ್ರಯೋಗಾಲಯವಿದೆ. ಅಲ್ಲಿನ ಮೇಡಂ ಎರಡು ತೊಟ್ಟಿಗಳಲ್ಲಿ ಗೊದಮೊಟ್ಟೆ ಸಾಕುತ್ತಾರೆ. ಒಂದಕ್ಕೆ ತೀರಾ ಸಣ್ಣ ಪ್ರಮಾಣದ ವಿಕಿರಣ ತಾಗಿಸಿ, ಇನ್ನೊಂದನ್ನು ಹಾಗೆಯೇ ಬಿಟ್ಟು, ಕಾಲು ಯಾವಾಗ ಮೂಡುತ್ತದೆ, ಬಾಲ ಯಾವಾಗ ಕರಗುತ್ತದೆ ಎಂದು ಹೋಲಿಸಿ ನೋಡುವುದು ಅವರ ಕೆಲಸ. ಕಳೆದ ತಿಂಗಳು ಅವರಿಗೆ ವಿಕಿರಣದ ಎಚ್ಚರಿಕೆಯ ಹಳದಿ ಸ್ಟಿಕ್ಕರ್ ಮಾಡಿಕೊಟ್ಟೆ. ಒಂದು ಮಿಕ್ಕಿತು. ಬಾಗಿಲಿಗೆ ಅಡ್ಡ ಗಾಡಿ ನಿಲ್ಲಿಸುವವರ ಕಾಟ ತಪ್ಪಲೆಂದು ಅದನ್ನು ನನ್ನ ಷಟರಿಗೆ ಅಂಟಿಸಿದೆ. ಕಾಟ ತಪ್ಪಿತು. ಗಿರಾಕಿಗಳೂ ತಪ್ಪಿದರು.

ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ನನ್ನ ಮೇಜಿನ ಮೇಲೆ ಒಂದು ಮರಿಗಪ್ಪೆ ಕೂತಿತ್ತು. ನಾಲ್ಕು ಕಾಲಿದ್ದವು, ಬಾಲವೂ ಇತ್ತು. ಅದೇ ಹೊತ್ತಿಗೆ ಎದುರಂಗಡಿಯ ಟೈಲರ್ ಹರಟೆಗೆ ಬಂದ. ಅಯ್ಯಯ್ಯೋ, ನಿನ್ನ ರೇಡಿಯಮ್ಮಿಂದ ಕಪ್ಪೆಗೂ ಬಾಲ ಬಂತಲ್ಲೋ ಅಣ್ಣಾ ಎಂದು ಕೂಗಿಕೊಂಡ. ಅವನ ಬಾಯಿಗೆ ಬೀಗವಿಲ್ಲ. ಮಧ್ಯಾಹ್ನದ ಹೊತ್ತಿಗೆ ಓಣಿಯ ಬಾಯಲ್ಲಿ ಕಪ್ಪೆಗೆ ಆರು ಕಾಲಾಗಿದ್ದವು.

ನನ್ನ ಹೆಂಡತಿ ಏಳು ತಿಂಗಳ ಬಸುರಿ. ಸಂಜೆ ಅತ್ತೆ ಬಂದು, ಹುಟ್ಟೋ ಕೂಸಿಗೆ ಬಾಲ ಬಂದ್ರೆ ಏನ್ ಮಾಡ್ತೀರಾ ಅಳಿಯಂದ್ರೇ ಎಂದು ಕೇಳಿ ಮಗಳನ್ನು ಕರೆದೊಯ್ದರು. ಅಂದು ರಾತ್ರಿ ಊಟಕ್ಕೆ ಮರೆತು ಎರಡು ತಟ್ಟೆ ಇಟ್ಟೆ. ಇದು ದೂರಿಗೆ ಸಂಬಂಧಿಸಿದ್ದಲ್ಲ ಎಂದರು ರೈಟರ್ ಸಾಹೇಬರು. ನನಗೆ ಸಂಬಂಧಿಸಿದ್ದು ಇದೊಂದೇ ಎಂದೆ.

ಮಂಗಳವಾರ ಮೇಡಂ ಬಂದು ಕಪ್ಪೆಯನ್ನು ನೋಡಿದರು. ವಿಕಿರಣದ ತೊಟ್ಟಿಗೆ ಬೀಗ ಹಾಕಿದೆ, ಇದು ಇನ್ನೊಂದು ತೊಟ್ಟಿಯದು, ನೀರು ಬದಲಿಸುವಾಗ ತಪ್ಪಿಸಿಕೊಂಡಿದೆ ಎಂದರು. ನೀರಿನಿಂದ ಮೇಲೆ ಬರುವಾಗ ಎಲ್ಲ ಮರಿಗಳಿಗೂ ಬಾಲ ಇರುತ್ತದೆ, ನಾಲ್ಕಾರು ದಿನಕ್ಕೆ ತಾನೇ ಕರಗುತ್ತದೆ ಎಂದೂ, ವಿಕಿರಣ ತಾಗಿದ ಕೆಲವಕ್ಕೆ ಕಾಲು ಮೂಡುವುದು ತುಸು ತಡವಾದಂತಿದೆ, ಅದೂ ಇನ್ನೂ ಖಾತ್ರಿಯಿಲ್ಲ ಎಂದೂ ಹೇಳಿದರು. ಫೋನಿನಲ್ಲಿ ಅತ್ತೆಗೂ ಅದನ್ನೇ ಹೇಳಿದರು. ಮೇಡಂ ನಿಮ್ಮ ಗಿರಾಕಿ, ನಿಮ್ಮ ಪರವಾಗೇ ಮಾತಾಡ್ತಾರೆ, ಪೊಲೀಸ್ರು ಬರೆದು ಮೊಹರು ಹಾಕ್ಲಿ, ಆಮೇಲೆ ನೋಡೋಣ ಎಂದರು ಅತ್ತೆ.

ಆದ್ದರಿಂದ ಮೇಡಂ ನನ್ನ ಬಳಿಯೇ ಬಿಟ್ಟುಹೋಗಿದ್ದ ಆ ಕಪ್ಪೆಯನ್ನೇ ಇಂದು ಡಬ್ಬಿಯಲ್ಲಿ ಸಾಕ್ಷಿಯಾಗಿ ತಂದೆ. ಇಲ್ಲಿ ಮುಚ್ಚಳ ತೆಗೆದರೆ ಬಾಲವಿಲ್ಲ. ಸಾಕ್ಷ್ಯ ನಾಶವಾಗಿದೆಯಲ್ಲ ಎಂದರು ರೈಟರ್ ಸಾಹೇಬರು. ಅದೇ ಸಾಕ್ಷ್ಯ ಸ್ವಾಮಿ ಎಂದೆ.

ಅತ್ತೆಯವರೂ ಬಂದಿದ್ದಾರೆ. ಠಾಣೆಯ ಫಲಕದಲ್ಲಿ ಹೊಳೆಯುವ ಅಕ್ಷರ ಕಂಡು ಗೇಟಿನಾಚೆಯೇ ನಿಂತಿದ್ದಾರೆ. ಆ ಅಕ್ಷರ ನಾನೇ ಅಂಟಿಸಿದ್ದು. ಹೆಂಡತಿ ಮಾತ್ರ ಒಳಗೆ ಬಂದು, ಡಬ್ಬಿಯೊಳಗೆ ಬಗ್ಗಿ ನೋಡಿ, ನನ್ನ ಪಕ್ಕ ಕೂತಿದ್ದಾಳೆ.

ಟೈಲರನನ್ನು ಕರೆಸಿ ಬುದ್ಧಿ ಹೇಳಬೇಕೆಂದು ಕೋರುತ್ತೇನೆ. ಬರೆದದ್ದನ್ನು ಓದಿ ಹೇಳಿದರು, ಕೇಳಿದೆ, ಎಲ್ಲವೂ ನಿಜ. ಹೆಂಡತಿಯೂ ಕೇಳಿ ಎರಡು ಕಡೆ ನಕ್ಕಳು. ಕೂಸಿಗೆ ಬಾಲ ಬಂದ್ರೂ ಬರ್ಲಿ ಬಿಡ್ರೀ, ಕರಗೋಗುತ್ತಂತಲ್ಲ, ಮೊದ್ಲು ಷಟರ್ ಮೇಲಿನ ಆ ಹಳದಿ ಕಿತ್ತಾಕಿ, ಮನೆಗೆ ನಡೀರಿ ಎಂದಳು. ಒಪ್ಪಿ ರುಜು ಹಾಕಿದ್ದೇನೆ.

ಸ್ಥಳ: ಠಾಣೆಯ ಬೆಂಚು
ದಿನ: ಶನಿವಾರ
ಸಹಿ: ರೇಡಿಯಂ ಅಣ್ಣ