ಹೊಳೆಯುವ ಸ್ಪ್ಯಾನರ್

ಲಾಸ್ ಏಂಜಲೀಸ್‌ನ ಎಲ್ ಸೆಗುಂಡೊದಲ್ಲಿ, ಮಧ್ಯಾಹ್ನ, ಟಾಕೊ ಗಾಡಿಯ ಮುಂದೆ ಸಾಲಿನಲ್ಲಿ ನಿಂತಿದ್ದೆ. ನನ್ನ ಮುಂದಿದ್ದ ಇಬ್ಬರ ಅಂಗಿಯ ಮೇಲೆ ಹಾರುವ ಟ್ಯಾಕ್ಸಿ ಕಟ್ಟುವ ಕಂಪನಿಯ ಹೆಸರಿನ ಜೊತೆ ಅವರವರ ಹೆಸರೂ ಇತ್ತು. ನಡುವಯಸ್ಸಿನವಳು ಯೊಲಾಂಡಾ, ಕೆಲಸಕ್ಕೆ ಹೊಸಬ ಕಾಲಿನ್.

“ನಿನ್ನೆ ನಿನ್ನ ಸಲಕರಣೆ ಪೆಟ್ಟಿಗೇಲಿ ಒಂದು ಸ್ಪ್ಯಾನರ್ ಮಾತ್ರ ಫಳಫಳ ಅಂತಿತ್ತಲ್ಲ, ಯಾಕೆ?” ಯೊಲಾಂಡಾ ಕೇಳಿದಳು.

“ಹಳೇದು ಸಿಗ್ಲಿಲ್ಲ. ಪೆಟ್ಟಿಗೆ ಸ್ಪಂಜಲ್ಲಿ ಅದರ ಆಕಾರಕ್ಕೆ ಕೊರೆದಿರೋ ಜಾಗ ಖಾಲಿ ಇದ್ರೆ ವಿಮಾನ ಹಾರಕ್ಕೆ ಬಿಡಲ್ವಲ್ಲ. ಅಂಗಡಿಯಿಂದ ಅಂಥದ್ದೇ ತಂದಿಟ್ಟೆ.”

“ಆ ಜಾಗ ಕೊರೆದಿರೋದು ಯಾಕೆ ಅಂತ ಗೊತ್ತೇನಯ್ಯ ನಿಂಗೆ?”

“ಕಳೆದ್ರೆ ಗೊತ್ತಾಗ್ಲಿ ಅಂತ.”

“ಹಳೇದು ಕೊನೇಸಲ ಎಲ್ಲಿತ್ತು?”

“ಟ್ಯಾಕ್ಸಿ ರೆಕ್ಕೆ ಒಳಗೆ ಕೆಲಸ ಮಾಡ್ತಿದ್ದೆ. ಊಟ ಮಾಡ್ಕೊಂಡು ಬರೋಷ್ಟರಲ್ಲಿ ಮುಚ್ಚಳ ಹಾಕ್ಬಿಟ್ಟಿದ್ರು.”

“ಇವತ್ತು ಅದರಲ್ಲಿ ಯಾರು ಕೂರ್ತಿರೋದು?”

“ಕಂಪನಿ ಒಡತೀನೇ. ಇನ್ನು ಸ್ವಲ್ಪ ಹೊತ್ತಲ್ಲಿ ಇಲ್ಲೇ ಮೇಲೆ ಹಾರುತ್ತೆ. ದುಡ್ಡು ಹಾಕೋರಿಗೆ ನಂಬಿಕೆ ಬರ್ಲಿ ಅಂತ ಮಗಳನ್ನೂ ಕೂರಿಸ್ಕೋತಾರಂತೆ.”

“ಈಗ್ಲೇ ಫೋನ್ ಮಾಡು.”

“ಮಾಡ್ತೀನಿ. ನಿನ್ನೆ ಪೆಟ್ಟಿಗೆ ನೋಡಿ ಎಲ್ಲಾ ಇದೆ ಅಂತ ಸಹಿ ಹಾಕಿದೋರು ಯಾರು ಅಂತ ಕೇಳ್ತಾರೆ, ನಿಮ್ಮ ಹೆಸರೇ ಹೇಳ್ಬೇಕು. ಸೋಮವಾರ ನೀವು ರಾಕೆಟ್ ಕಂಪನಿಗೆ ಸೇರ್ಬೇಕಲ್ವಾ? ಅಲ್ಲೂ ಕೇಳ್ತಾರೆ.”

ಯೊಲಾಂಡಾ ಅವನ ಮುಖವನ್ನೇ ನೋಡಿದಳು. ಕಾಲಿನ್ ಫೋನನ್ನು ಕೈಯಲ್ಲಿ ಹಿಡಿದೇ ಕಾದ. ಗಾಡಿಯವನು ಎರಡು ತಟ್ಟೆ ಮುಂದೆ ಚಾಚಿದ.

“ಖಾರದ ಸಾಸ್ ಹಾಕಿಸ್ಕೊ,” ಎಂದಳು ಅವಳು. “ಇಲ್ಲಾಂದ್ರೆ ಇವರದ್ದು ಸಪ್ಪೆ ಇರುತ್ತೆ.”

ಅವನು ಫೋನನ್ನು ಜೇಬಿಗೆ ಹಾಕಿಕೊಂಡ.

ಗಾಡಿಯ ಪಕ್ಕದ ಬಯಲಿನಲ್ಲಿ ಮೇಜುಗಳೆಲ್ಲ ಖಾಲಿಯಿದ್ದವು. ಇಬ್ಬರೂ ಒಮ್ಮೆ ಆಕಾಶ ನೋಡಿ, ತಟ್ಟೆ ಹಿಡಿದುಕೊಂಡು ರಸ್ತೆ ದಾಟಿ, ಕಾಂಕ್ರೀಟ್ ಸೂರಿನ ಕೆಳಗೆ ಹೋಗಿ ಕುಳಿತರು.