ಕರಗದೆ ಉಳಿದ ಕಾಲ್ಕಡಗ

ಗುಬ್ಬಿ ಬಸ್ ಸ್ಟ್ಯಾಂಡಿನ ಎದುರು ಸಾಲಿನಲ್ಲಿ ಅಕ್ಕಸಾಲಿ ಗುಂಡಯ್ಯನ ಅಂಗಡಿ ಎಂದರೆ ಒಳಗೆ ಇಬ್ಬರು ಕೂರುವಷ್ಟು ಜಾಗ, ಹೊರಗೆ ತಗಡಿನ ಮಾಡು, ಅದರ ಕೆಳಗೊಂದು ಬೆಂಚು. ಶ್ರಾವಣದ ಆ ಸಂಜೆ ಹಿಡಿದ ಮಳೆ ಬಿಡಲಿಲ್ಲ. ಕರೆಂಟು ಹೋಯಿತು. ಚೇಳೂರಿನ ಬಸ್ಸು ಎಲ್ಲಿ ನಿಂತಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಒದ್ದೆಯಾದವರೆಲ್ಲ ಒಬ್ಬೊಬ್ಬರಾಗಿ ಆ ಮಾಡಿನ ಕೆಳಗೆ ಸೇರಿಕೊಂಡರು.

ಚೇಳೂರಿನ ಸುಧಾ ಮಾತ್ರ ಮಳೆಗೆ ಬಂದವಳಲ್ಲ. ಅವಳ ತಂದೆ ಲಿಂಗವಿಟ್ಟುಕೊಳ್ಳುವ ಬೆಳ್ಳಿ ಕರಡಿಗೆಯ ಕೊಂಡಿ ಬೆಳಿಗ್ಗೆ ಪೂಜೆಯ ಹೊತ್ತಿನಲ್ಲಿ ಮುರಿದಿತ್ತು. ಲಿಂಗವನ್ನು ಬಿಳಿ ವಸ್ತ್ರದಲ್ಲಿ ಕಟ್ಟಿ ಎದೆಗೆ ಹಾಕಿಕೊಂಡು ಅವರು ಮನೆಯಲ್ಲಿ ಕಾಯುತ್ತಿದ್ದರು. ಬೆಸುಗೆ ಆರುವವರೆಗೆ ಅವಳು ಕಾಯಲೇಬೇಕಿತ್ತು. ಬೆಂಚಿನ ಆ ತುದಿಯಲ್ಲಿ ಹೂವಿನ ಬುಟ್ಟಿಯ ಕದರಮ್ಮ, ಈ ತುದಿಯಲ್ಲಿ ಬಾಡಿಗೆ ಸಿಗದ ಆಟೋದ ಅಶ್ವಥ್. ಅವನಿಗೆ ಸುಮ್ಮನೆ ಕೂತು ಗೊತ್ತಿಲ್ಲ.

"ಅಜ್ಜ, ನೀವು ತುಮಕೂರಲ್ಲಿ ಯಾರೋ ಮೇಡಮ್ಮಂಗೆ ಫಾರಿನ್ ಒಡವೆನೆಲ್ಲ ರಿಪೇರಿ ಮಾಡ್ಕೊಡ್ತಿದ್ರಂತೆ. ಈಗ್ಯಾಕೆ ಬುಟ್ಬುಟ್ರಿ?"

ಗುಂಡಯ್ಯ ಚಾರ್ಜಿಂಗ್ ಲೈಟನ್ನು ತಿರುಗಿಸಿಟ್ಟ. ಬೆಳಕು ಅವನ ಮಂಡಿಯ ಕೆಳಗೆ ಮಾತ್ರ ಬಿತ್ತು, ಮುಖ ಕಾಣಲಿಲ್ಲ.

"ಹೇಳ್ತೀನಿ ಇರ್ಲಾ. ಮಳೆ ಅಂತೂ ನಿಲ್ಲಂಗಿಲ್ಲ... ತುಮಕೂರಿನ ಬಟವಾಡೀಲಿ ಒಂದು ಮನೆ. ಅನುಪಮಮ್ಮ ಅಂತ, ಕಾಲೇಜಲ್ಲಿ ಹಿಸ್ಟರಿ ಪಾಠ ಹೇಳೋರು. ಗಂಡ ಗುರುಪ್ರಕಾಶು, ಅತ್ತೆ ಬಸವಲಿಂಗಮ್ಮ, ಮೂರೇ ಜನ. ಈಯಮ್ಮಂಗೆ ಒಂದು ಹುಚ್ಚು. ಬೇರೆಯೋರು ಸೈಟು ಮಾಡ್ತಾರೆ, ಸೀರೆ ತಗೋತಾರೆ, ಈಯಮ್ಮ ದೇಶದೇಶದ ಹಳೇ ಒಡವೆ ತಂದು ಕೂಡಿಡೋರು. ಚಿನ್ನ ಅಲ್ಲ ಮತ್ತೆ. ಬೆಳ್ಳಿ, ಹಿತ್ತಾಳೆ, ಮಣಿ, ಕವಡೆ, ಮೂಳೆ. ಆಫ್ರಿಕಾದ ಹೆಂಗಸ್ರು ಕತ್ತಿಗೆ ಹಾಕೋ ನಿಂಬೆಹಣ್ಣಿನ ಗಾತ್ರದ ಹಳದಿ ಮಣಿ ಸರ, ಇಥಿಯೋಪಿಯಾದ ಶಿಲುಬೆ, ಆಫ್ಘಾನಿಸ್ತಾನದ ಹಣೆಪಟ್ಟಿ, ನಾಗಾ ಜನದ ಶಂಖದ ಸರ, ಯೆಮನ್ ದೇಶದ ತಾಯಿತದ ಪೆಟ್ಟಿಗೆ... ಅದನ್ನ ನೋಡಿದ್ರೆ ನಮ್ ಲಿಂಗದ ಕರಡಿಗೆಗೆ ಅಣ್ಣನೋ ತಮ್ಮನೋ ಅನ್ಬೇಕು ನೀನು. ಒಂದು ರೂಮಿನ ತುಂಬ ಗಾಜಿನ ಬೀರು. ಒಂದೊಂದರ ಕೆಳಗೂ ಒಂದು ಚೀಟಿ, ಯಾವ ದೇಶದ್ದು, ಯಾವ ಜನದ್ದು, ಮೈಯಲ್ಲಿ ಎಲ್ಲಿಗೆ ಹಾಕೋದು ಅಂತ. ಬಿಟ್ಟೋದ ಬೆಸುಗೆ ಹಾಕಕ್ಕೆ ತಿಂಗಳಿಗೊಂದ್ಸಲ ನಾನು ಹೋಗ್ತಿದ್ದೆ. ಹೋದಾಗೆಲ್ಲ ಆಯಮ್ಮ ಒಂದೇ ಮಾತು ಹೇಳೋರು, ಇವು ಹಾಕ್ಕೊಳೋಕಲ್ಲ ಗುಂಡಯ್ಯನೋರೆ, ನೋಡೋಕೆ ಮಾತ್ರ ಅಂತ. ಒಂದು ದಿನಾನೂ ಒಂದು ಉಂಗುರಾನೂ ಹಾಕ್ಕೊಂಡೋರಲ್ಲ."

ಅತ್ತೆ ಬಸವಲಿಂಗಮ್ಮ ಕುಣಿಗಲ್ ಕಡೆಯವರು. ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡಿಕೊಳ್ಳದೆ ಬಾಯಿಗೆ ನೀರು ಬಿಟ್ಟುಕೊಂಡವರಲ್ಲ ಎಂದು ಮುದುಕ ಹೇಳಿದ. ಅವರಿಗೆ ಸೊಸೆಯ ಖರ್ಚಿನ ಮೇಲೆ ಸಿಟ್ಟಿರಲಿಲ್ಲ. ಆ ಒಡವೆಗಳ ಮೇಲೆ ಕನಿಕರವಿತ್ತು. ಬೀರುವಿನ ಮುಂದೆ ನಿಂತು, ಯಾವ ತಾಯಂದಿರ ಮೈಮೇಲೆ ಇದ್ದವೋ, ಈಗ ಮೈಬಿಸಿಯಿಲ್ಲದೆ ಗಾಜಿನೊಳಗೆ ತಣ್ಣಗೆ ಕೂತಿವೆಯಲ್ಲ ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರಂತೆ. ಸುಧಾಗೆ ತನ್ನ ತಂದೆಯ ತಾಯಿ ನೆನಪಾದರು. ಅವರೂ ಹೀಗೆಯೇ ಅಳುವವರು.

"ಹೋದ ವರ್ಷ, ಇದೇ ಶ್ರಾವಣ. ಬೆಂಗಳೂರಿನ ಹಳೇಸಾಮಾನಿನ ಸಾಬರ ಹತ್ರ ಒಂದು ಜೊತೆ ಕಾಲ್ಕಡಗ ತಂದ್ರು. ಅರಬ್ಬಿ ಮರಳುನಾಡಿಂದು. ನಾನು ಐವತ್ತೈದು ವರ್ಷ ಬೆಳ್ಳಿ ಬಡಿದೋನು, ಅಂಥ ಕೆಲಸ ಕಂಡಿರ್ಲಿಲ್ಲ. ಒಳಗೆ ಟೊಳ್ಳು, ಟೊಳ್ಳಿನೊಳಗೆ ಹರಳು, ನಡೆದ್ರೆ ಗಲಗಲ ಅನ್ಬೇಕು. ಮೇಲೆ ರಾಗಿಕಾಳಿನಂಥ ಗುಂಡು ಸಾಲುಸಾಲಾಗಿ ಕೂರಿಸವ್ನೆ, ಒಂದು ದೊಡ್ಡದಿಲ್ಲ, ಒಂದು ಸಣ್ಣದಿಲ್ಲ. ಬಾಯಿ ಮುಚ್ಚಕ್ಕೆ ಒಂದು ಮೊಳೆ. ಆ ಸಾಬರು ಕೊಡೋವಾಗ ಹೇಳಿದ್ರಂತೆ... ಆ ನಾಡಲ್ಲಿ ಹೆಂಗಸು ಸತ್ರೆ ಅವಳ ಬೆಳ್ಳಿನ ಇನ್ನೊಬ್ರು ಹಾಕಂಗಿಲ್ಲ. ವಾರದೊಳಗೆ ಮೂಸೆಗೆ ಹಾಕಿ ಕರಗಿಸ್ತಾರೆ. ಮದುವೆ ಹೆಣ್ಣಿಗೆ ಹೊಸಾ ಒಡವೆನೇ ಆಗ್ಬೇಕು. ಅದಕ್ಕೇ ಆ ಕಡೆ ಹಳೇ ಬೆಳ್ಳಿ ಸಿಗೋದೇ ಅಪರೂಪ. ಹಂಗಾದ್ರೆ ಇವ್ಯಾಕೆ ಉಳಿದ್ವು? ಕೇಳಿ ಮತ್ತೆ. ಇವುಗಳ ಒಡತಿ ಮೇಕೆ ಮೇಯಿಸೋಳು. ಒಂದು ಕಡೆ ನಾಕು ದಿನ ನಿಂತ ಜನ ಅಲ್ಲ ಅವರು, ಎಲ್ಲಿ ಮಳೆ ಬಿತ್ತೋ ಅಲ್ಲಿಗೆ. ಒಂದು ವರ್ಷ ಮಳೆ ಬೀಳ್ಲಿಲ್ಲ. ಹುಲ್ಲು ಹುಡುಕ್ಕೊಂಡು ಹೋದೋಳು ತಿರುಗಿ ಬರ್ಲಿಲ್ಲ. ಹುಡುಕಿದೋರಿಗೆ ಮರಳ ಮೇಲೆ ಈ ಎರಡು ಕಡಗ ಸಿಕ್ವು, ಅಕ್ಕಪಕ್ಕ, ಮೊಳೆ ಹಾಕಿದ್ದು ಹಾಕಿದಂಗೇ. ಕಾಲು ಮಾತ್ರ ಇಲ್ಲ."

ಕದರಮ್ಮ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಸತ್ಲು ಅನ್ನಂಗಿಲ್ಲ, ಕರಗಿಸಂಗಿಲ್ಲ. ಬದುಕವ್ಳೆ ಅನ್ನಂಗಿಲ್ಲ, ಎತ್ತಿಡಂಗಿಲ್ಲ. ಹಿಂಗೆ ಕೈಯಿಂದ ಕೈಗೆ ಬಂದು ಬಟವಾಡಿ ಸೇರಿದ್ವು. ಅನುಪಮಮ್ಮ ಇದನ್ನೆಲ್ಲ ಚೀಟೀಲಿ ಬರೆದ್ರು, ಬೀರೂಲಿಟ್ರು. ಅಲ್ಲಿಗೆ ಮುಗೀಬೇಕಿತ್ತು..."

ಮುಗಿಯಲಿಲ್ಲ. ಬಸವಲಿಂಗಮ್ಮನಿಗೆ ಈ ಕತೆ ಕೇಳಿದಂದಿನಿಂದ ನಿದ್ದೆ ಬರಲಿಲ್ಲ. ನಮ್ಮಲ್ಲಿ ತಾಯಿ ತೀರಿಕೊಂಡರೆ ಅವಳ ಒಡವೆಯನ್ನು ಮಗಳೋ ಸೊಸೆಯೋ ಹಾಕಿಕೊಳ್ಳುತ್ತಾರೆ. ತಮ್ಮ ತಾಯಿಯ ಕಡಗವನ್ನು ತಾವು ಮೂರನೆಯ ತಿಂಗಳಿಗೇ ಹಾಕಿಕೊಂಡಿದ್ದರು. ಹೋದವರಿಗೆ ನೆಮ್ಮದಿಯೆಂದರೆ ಅದೇ, ಉಳಿದವರ ಮೈಮೇಲೆ ಕೂರುವುದು. ಆ ಪರದೇಶಿ ಹೆಂಗಸಿಗೂ ಅಷ್ಟು ಮಾಡೋಣವೆಂದು ಒಂದು ಸೋಮವಾರ ಕಡಗಗಳನ್ನು ತೆಗೆದು, ಅಂಟುವಾಳದ ನೀರಿನಲ್ಲಿ ತೊಳೆದು, ವಿಭೂತಿ ಹಚ್ಚಿ, ಪತ್ರೆಯಿಟ್ಟು, ಸೊಸೆಯನ್ನು ಕರೆದರು. ಅನುಪಮಾ ಒಪ್ಪಲಿಲ್ಲ. ಅಲ್ಲಿನ ನೇಮ ಬೇರೆ, ನಮ್ಮದು ಬೇರೆ ಎಂದು ಮೆಲ್ಲಗೆ ಹೇಳಿದಳು. ಮುದುಕಿ ಊಟ ಬಿಟ್ಟರು. ಎರಡನೆಯ ದಿನ ಅನುಪಮಾ ಸೋತು ಕಾಲು ಚಾಚಿದಳು.

"ಮೊಳೆ ಬಿಗಿ ಇತ್ತು ಅಂತ ನನಗೇ ಫೋನು. ಹೋದೆ. ಈ ಕೈಯಲ್ಲೇ, ಸಣ್ಣ ಸುತ್ತಿಗೇಲಿ ಎರಡೆರಡು ಏಟು ಹಾಕಿ ಕೂರಿಸಿದೆ. ಬಸವಲಿಂಗಮ್ಮ ನನಗೂ ವಿಭೂತಿ ಕೊಟ್ರು. ಆ ದೇವರ ಸಾಕ್ಷಿಯಾಗಿ ಹೇಳ್ತೀನಿ, ಮೂರು ಜನಾನೂ ಒಳ್ಳೇದೇ ಮಾಡಿದ್ವಿ ಅಂದ್ಕೊಂಡ್ವಿ."

ಅವತ್ತಿನಿಂದ ಅನುಪಮಾಗೆ ಕೂರಲಾಗಲಿಲ್ಲ. ಊಟಕ್ಕೆ ಕೂತವಳು ಎರಡು ತುತ್ತಿಗೆ ಎದ್ದು ನಿಲ್ಲುವಳು. ಮೂರು ದಿನ ರೂಮಿನಲ್ಲಿದ್ದ ಹಾಸಿಗೆಯನ್ನು ಸುತ್ತಿ ನಡುಮನೆಗೆ ತಂದಳು, ನಡುಮನೆಯಿಂದ ವರಾಂಡಕ್ಕೆ, ವರಾಂಡದಿಂದ ತಾರಸಿಗೆ. ಕಾಲೇಜಿನಲ್ಲಿ ಪಾಠದ ನಡುವೆ ಕಿಟಕಿಗೆ ಹೋಗಿ, ಯಾವ ಕಡೆ ಮೋಡ ಕಟ್ಟಿದೆ ಎಂದು ಹುಡುಗಿಯರನ್ನು ಕೇಳುವಳು. ಆಮೇಲೆ ಬಸ್ಸು ಹತ್ತತೊಡಗಿದಳು. ಗುಬ್ಬಿಗೆ ಬಂದಳು, ಚೇಳೂರಿಗೆ ಹೋದಳು, ಯಾರ ಮನೆಗೂ ಅಲ್ಲ. ಇಳಿದು, ಹೊಲಗಳನ್ನೊಮ್ಮೆ ನೋಡಿ, ಇಲ್ಲ ಎಂಬಂತೆ ತಲೆಯಾಡಿಸಿ, ಅದೇ ಬಸ್ಸಿಗೆ ಹಿಂತಿರುಗುವಳು.

"ನಮ್ಮನೆಯೋಳೂ ಹಂಗೇ ಅಜ್ಜ," ಎಂದ ಅಶ್ವಥ್. "ಮೋಡ ಕಂಡ್ರೆ ಸಾಕು, ತವರಿಗೆ ಹೊಂಟ್ಳು ಅಂತ್ಲೇ ಲೆಕ್ಕ. ಅವಳಿಗ್ಯಾವ ಕಡಗಾನೂ ಬೇಡ."

"ನಿನ್ನ ಮುಖ ನೋಡ್ಕೊಂಡು ಯಾರಿರ್ತಾರ್ಲಾ, ಸುಮ್ಕಿರು," ಎಂದಳು ಕದರಮ್ಮ. ನಗು ಬಂತು, ಆದರೆ ಮುದುಕ ನಗಲಿಲ್ಲ. ನಗು ತಾನಾಗಿ ಆರುವವರೆಗೆ ಕಾದ.

"ಸದ್ದಿನ ವಿಷಯ ಕೇಳಿ. ನಡೆದ್ರೆ ಗಲಗಲ, ಅದು ಸರಿ. ಗುರುಪ್ರಕಾಶು ನನಗೆ ಹೇಳಿದ್ದು ಬೇರೆ. ಹೆಂಡತಿ ಬಾಗಿಲಲ್ಲಿ ನಿಂತವ್ರೆ, ಕಾಲು ಅಲ್ಲಾಡ್ತಿಲ್ಲ, ಸದ್ದು ಮಾತ್ರ ನಿಂತಿಲ್ಲ. ಆಯಮ್ಮನ ಸುತ್ತ ಒಂದು ಸುತ್ತು ಬಂದು, ಅಡುಗೆಮನೆಗೆ ಹೋಗಿ, ನೀರಿನ ಕೊಳಗದ ಹತ್ರ ನಿಂತ್ಕೊತಿತ್ತಂತೆ. ಇನ್ನೊಂದು ದಿನ ಮಳೆ ಎರಚಲಿಗೆ ವರಾಂಡ ಎಲ್ಲ ಒದ್ದೆ. ಒದ್ದೆ ನೆಲದ ಮೇಲೆ ಹೆಜ್ಜೆ ಗುರುತು... ಒಣಾ ಹೆಜ್ಜೆ. ಬೆರಳಿಂದ ಮುಟ್ಟಿ ನೋಡವ್ನೆ, ಸಣ್ಣ ಮರಳು, ಬಿಸೀ ಮರಳು. ತುಮಕೂರಲ್ಲಿ ಶ್ರಾವಣದ ಮಳೇಲಿ ಬಿಸಿ ಮರಳು ಎಲ್ಲಿಂದ ಬರ್ತದವ್ವ?"

ಅಶ್ವಥ್ ಕಾಲನ್ನು ಬೆಂಚಿನ ಮೇಲಕ್ಕೆ ಎಳೆದುಕೊಂಡ. ತಗಡಿನ ಮೇಲೆ ಮಳೆ ಹೊಯ್ಯುತ್ತಲೇ ಇತ್ತು.

ಅದಾದ ಮೂರನೆಯ ದಿನ ಅನುಪಮಾ ಮನೆಗೆ ಬರಲಿಲ್ಲ. ಕುಣಿಗಲ್ ಬಸ್ಸಿನಲ್ಲಿ ಕಂಡೆವು ಎಂದು ಯಾರೋ ಹೇಳಿದರು. ಗುರುಪ್ರಕಾಶ್ ಕುಣಿಗಲ್ಲಿಗೆ ಓಡಿದ, ಅಲ್ಲಿಂದ ಕೇಳುತ್ತ ಕೇಳುತ್ತ ಮಾರ್ಕೋನಹಳ್ಳಿ ಅಣೆಕಟ್ಟೆಗೆ ಹೋದ. ಆಗ ಮರುದಿನ ಮಧ್ಯಾಹ್ನದ ಹೊತ್ತು. ಹಿನ್ನೀರಿನ ದಂಡೆಯಲ್ಲಿ ಹಸಿರು ಎದ್ದಿತ್ತು. ಅಡವಿಯಪ್ಪ ಎಂಬವನ ಮೇಕೆಗಳು ಮೇಯುತ್ತಿದ್ದವು, ಅವುಗಳ ನಡುವೆ ಅನುಪಮಾ ನಿಂತಿದ್ದಳು. ಸೀರೆಯ ಸೆರಗನ್ನು ಮೂಗಿನ ಮೇಲೆ ಬಿಗಿದು ಕಟ್ಟಿದ್ದಳು. ಯಾರಿಗೂ ತಿಳಿಯದ ಮಾತಿನಲ್ಲಿ ಮೇಕೆಗಳನ್ನು ಕೂಗುತ್ತಿದ್ದಳು, ಮೇಕೆಗಳು ಬರುತ್ತಿದ್ದವು. ಅವಳ ಮುಖದಲ್ಲಿ ವಾರಗಳಿಂದ ಕಾಣದಿದ್ದ ಸಮಾಧಾನವಿತ್ತು. ಗುರುಪ್ರಕಾಶನಿಗೆ ಹೆದರಿಕೆಯಾದದ್ದು ಅದನ್ನು ಕಂಡು. ಇನ್ನೊಂದು ಗಳಿಗೆ ಬಿಟ್ಟರೆ ಇವಳು ತನ್ನವಳಾಗಿ ಉಳಿಯುವುದಿಲ್ಲ ಎನ್ನಿಸಿತು. ಕೈ ಹಿಡಿದು ಎಳೆದ.

"ಅಡವಿಯಪ್ಪ ಏನಂದ ಗೊತ್ತಾ? ಒಬ್ಬರನ್ನೇ ಕರ್ಕೊಂಡೋಯ್ತಿದೀರಲ್ಲ ಸ್ವಾಮಿ, ಬೆಳಿಗ್ಗೆ ಇಬ್ರು ಬಂದ್ರು. ಇನ್ನೊಬ್ರು ಅಲ್ಲಿ ನೀರು ಕುಡೀತಾವ್ರೆ, ಇನ್ನೂ ಮುಗಿಸಿಲ್ಲ... ಅಂದ."

ಸುಧಾಳ ಕೈ ತಾನಾಗಿ ಕೊರಳಿನ ಲಿಂಗದ ಮೇಲೆ ಹೋಯಿತು.

ಮಾರನೆಯ ಬೆಳಿಗ್ಗೆ ಗುಂಡಯ್ಯನನ್ನು ಬಟವಾಡಿಗೆ ಕರೆಸಿದರು. ಅನುಪಮಾಳ ಪಾದ ಬಿರಿದು ರಕ್ತ ಹೆಪ್ಪುಗಟ್ಟಿತ್ತು. ಅತ್ತೆ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಪಂಚಾಕ್ಷರಿ ಜಪಿಸುತ್ತಿದ್ದರು, ತಪ್ಪು ನಂದೇ ಕಣೇ ಎಂದು ನಡುನಡುವೆ ಅಳುತ್ತಿದ್ದರು. ಮೊಳೆ ಅಲುಗಲಿಲ್ಲ. ಅವನು ಗರಗಸ ಹಿಡಿದ. ಎಡಗಾಲಿನ ಕಡಗ ಎರಡು ತುಂಡಾಗಿ ಬಿತ್ತು. ಆಗ ಅನುಪಮಾ ಕಣ್ಣು ತೆರೆದು, ಎಷ್ಟೋ ದಿನದ ಮೇಲೆ ತನ್ನದೇ ದನಿಯಲ್ಲಿ ಮಾತಾಡಿದಳು.

"ಎರಡನ್ನೂ ಕರಗಿಸಿ ಗುಂಡಯ್ಯನೋರೆ. ಅವಳು ನನ್ನ ಹತ್ರ ಬೇರೇನೂ ಕೇಳ್ತಿಲ್ಲ. ಕರಗಿಸಿದ್ರೆ ಹೋಗ್ತಾಳೆ. ಒಂದನ್ನೂ ಉಳಿಸ್ಬೇಡಿ."

"ಆಗ್ಲಿ ಕಣವ್ವ ಅಂದೆ. ಮೊದಲನೇದನ್ನ ಅವರ ಅಂಗಳದಲ್ಲೇ, ಅವರ ಕಣ್ಣೆದುರೇ ಮೂಸೆಗೆ ಹಾಕಿ ಕರಗಿಸಿದೆ. ಎರಡನೇದಕ್ಕೆ ಗರಗಸ ಇಡಬೇಕು ಅಂತ ಮುಟ್ಟಿದೆ ನೋಡಿ... ಮೊಳೆ ತಾನೇ ಜಾರ್ತು. ಬೆಣ್ಣೇಲಿ ಇಟ್ಟಿದ್ದಂಗೆ. ಕಡಗ ಬಂದು ನನ್ನ ಅಂಗೈಲಿ ಕೂತ್ಕೊತು. ನೀವೇ ಹೇಳಿ, ಬರಲ್ಲ ಅಂತ ಹಟ ಹಿಡಿಯೋ ಒಡವೆಗೆ ಹೆದರ್ಬೇಕೋ, ತಾನಾಗಿ ಬರೋದಕ್ಕೋ? ನಾನು ಹೆದರ್ಲಿಲ್ಲ. ಗ್ಯಾಸು ಮುಗೀತು, ಅಂಗಡೀಲಿ ಕರಗಿಸ್ತೀನಿ ಅಂದೆ. ಗ್ಯಾಸು ಇತ್ತು."

ಕರಗಿದ ಬೆಳ್ಳಿಯ ಗಟ್ಟಿ ಮನೆಯಲ್ಲಿರುವುದು ಬೇಡ, ಮಠಕ್ಕೆ ದೀಪ ಮಾಡಿಕೊಡಿ ಎಂದು ಬಸವಲಿಂಗಮ್ಮ ಅದನ್ನೂ ಅವನ ಚೀಲಕ್ಕೇ ಹಾಕಿದರು. ವಾರದಲ್ಲಿ ಅನುಪಮಾ ಗುಣವಾದಳು. ಈಗ ಕೂತು ಉಣ್ಣುತ್ತಾಳೆ, ಪಾಠ ಹೇಳುತ್ತಾಳೆ, ಬೀರುವಿನ ರೂಮಿಗೆ ಬೀಗ ಹಾಕಿದ್ದಾಳೆ. ತಿಂಗಳಿಗೊಮ್ಮೆ ಫೋನು ಮಾಡಿ, ಕರಗಿಸಿದಿರಿ ತಾನೇ ಎಂದು ಕೇಳುತ್ತಾಳೆ. ಹೌದವ್ವ ಎನ್ನುತ್ತಾನೆ ಇವನು.

ಸುಧಾ ಅಷ್ಟು ಹೊತ್ತಿಗೆ ಮೊದಲ ಬಾರಿಗೆ ಬಾಯಿಬಿಟ್ಟಳು. "ಕರಗಿಸ್ಲಿಲ್ವಾ ಅಜ್ಜ?"

"ಮೂರು ಸಲ ಮೂಸೆ ಕಾಯಿಸ್ದೆ. ಆ ರಾಗಿಕಾಳಿನ ಸಾಲು ನೋಡೋದು, ಕೈ ಹಿಂದಕ್ಕೆ ಬರೋದು. ಅದನ್ನ ಮಾಡ್ದೋನು ಯಾವ ಮರಳಲ್ಲಿ ಕೂತು ಮಾಡಿದ್ನೋ, ಅವನ ಕೈಕೆಲಸಾನ ನಾನು ಕೊಲ್ಲೋದಾ? ಇಟ್ಕೊಂಡೆ. ಇಟ್ಕೊಂಡ್ ಮೇಲೆ ಇನ್ನೊಂದು ಶುರುವಾಯ್ತು. ಕಾಲಿನ ಒಡವೆ ಒಂಟಿಯಾಗಿ ಅಕ್ಕಸಾಲಿ ಕಣ್ಮುಂದೆ ಇದ್ರೆ ಅವನ ಕೈ ಸುಮ್ಕಿರಲ್ಲ ಕಣವ್ವ. ನಿಂತ್ರೆ ಅದೇ, ಕೂತ್ರೆ ಅದೇ. ಅದರ ಜೊತೆಯ ಬೆಳ್ಳಿನೂ ನನ್ನ ಹತ್ರಾನೇ ಇತ್ತಲ್ಲ, ದೀಪಕ್ಕೆ ಅಂತ ಕೊಟ್ಟಿದ್ದು... ಅದರಲ್ಲೇ ಜೋಡಿ ಮಾಡಕ್ಕೆ ಕೂತೆ. ಒಂದೊಂದು ಕಾಳೂ ಲೆಕ್ಕ ತಪ್ಪದಂಗೆ ಕೂರಿಸ್ದೆ. ಹನ್ನೊಂದು ತಿಂಗಳು. ನಿನ್ನೆ ಮಧ್ಯಾಹ್ನ ಮುಗೀತು. ಪಕ್ಕಪಕ್ಕ ಇಟ್ರೆ ಹಳೇದ್ಯಾವುದು ಹೊಸದ್ಯಾವುದು ನನಗೇ ಗೊತ್ತಾಗಲ್ಲ."

ದೂರದಲ್ಲಿ ಬಸ್ಸಿನ ಹಾರ್ನು ಕೇಳಿತು. ಚೇಳೂರಿನ ಬೋರ್ಡು ಮಳೆಯಲ್ಲಿ ಮಸುಕಾಗಿ ಕಂಡಿತು. ಕದರಮ್ಮ ಬುಟ್ಟಿ ಎತ್ತಿಕೊಂಡು ಹಿಂದೆ ನೋಡದೆ ಇಳಿದಳು. ಅಶ್ವಥ್ ಆಗಲೇ ಆಟೋದೊಳಗಿದ್ದ. ಗುಂಡಯ್ಯ ಆರಿದ ಕರಡಿಗೆಯನ್ನು ಬಟ್ಟೆಯಲ್ಲಿ ಒರೆಸಿ, ಕಣ್ಣಿಗೊತ್ತಿಕೊಂಡು, ಸುಧಾಳ ಕೈಗೆ ಕೊಟ್ಟ. ದುಡ್ಡಿಗೆ ಕೈ ಚಾಚಲಿಲ್ಲ. ತಲೆಯನ್ನೂ ಎತ್ತಲಿಲ್ಲ.

"ಜೋಡಿಯಾದ್ರೆ ನೆಮ್ಮದಿ ಆಗ್ತದೆ ಅಂದ್ಕೊಂಡಿದ್ದೆ," ಎಂದ ಮೆಲ್ಲಗೆ. "ನಿನ್ನೆಯಿಂದ ಅಂಗಡಿಗೆ ಯಾರು ಬಂದ್ರು, ಯಾರು ಹೋದ್ರು, ಒಬ್ಬರ ಮುಖಾನೂ ಕಾಣ್ತಿಲ್ಲ ನನಗೆ. ಬರೀ ಕಾಲು ಕಾಣ್ತವೆ. ನೋಡ್ತಿರೋದು ನಾನಲ್ಲ ಕಣವ್ವ, ಕಡಗದೋಳು... ಬಸ್ಸು ಬಂತು, ಹೋಗು. ತಿರುಗಿ ಈ ಕಡೆ ಬರ್ಬೇಡ. ನಿನ್ನ ಕಾಲಿನ ಅಳತೆ ಆಗ್ಲೇ ತಗೊಂಡಾಯ್ತು."