ತೋಳದ ಹೊಟ್ಟೆಯಾಗೆ ರಾಗಿ

ಹಲೋ... ಹಲೋ... ಯಾರ್ರಿ ಮಾತಾಡೋದು? ... ಬೆಂಗಳೂರಾ? ವಿಜ್ಞಾನ ಪತ್ರಿಕೆ ಸಂಪಾದಕರಾ? ... ನಮಸ್ಕಾರ ಸ್ವಾಮಿ. ಹಿರಿಯೂರು ಪೋಸ್ಟಾಫೀಸಿಂದ ಜುಂಜಯ್ಯ ಮಾತಾಡ್ತಿದೀನಿ.

...

ಹಾಂ, ಅದೇ, ಲೇಖನದಾಗೆ ಎರಡನೇ ಹೆಸ್ರು ನಂದೇ. ... ಯಾವ ಕಾಲೇಜಾ? ಕಾಲೇಜಿಲ್ಲ ಸ್ವಾಮಿ, ಕುರಿ ಅವೆ.

...

ಇಲ್ಲ ಇಲ್ಲ, ಸುಳ್ಳು ಹೆಸ್ರಲ್ಲ! ಮಾತಾಡ್ತಿದೀನಲ್ಲ! ನಮ್ಮ ಚಿತ್ರಲಿಂಗಪ್ಪ ಮೇಷ್ಟ್ರು, ದುರ್ಗದ ಕಾಲೇಜಿನೋರು, ಒಂಬತ್ತು ವರ್ಷದಿಂದ ನನ್ ಹಿಂದೆ ಅಡವಿ ಸುತ್ತವ್ರೆ, ತೋಳ ಏನು ತಿಂತೈತೆ ಅಂತ ನೋಡಾಕೆ. ದಾರಿ ತೋರ್ಸಿದ್ದು ನಾನು, ಅದಕ್ಕೇ ನನ್ ಹೆಸ್ರೂ ಹಾಕವ್ರೆ. ... ಹಾಂ, ಇಲ್ಲೇ ಪಕ್ಕದಾಗೆ ನಿಂತವ್ರೆ. ಬೆವೀತಾವ್ರೆ.

...

ಅವ್ರಿಗೆ ಕೊಡಬ್ಯಾಡ್ವಾ? ನನ್ನೇ ಕೇಳ್ಬೇಕಾ? ... ಕೇಳ್ರಿ, ಕೇಳ್ರಿ. ಇದು ಅಚ್ಚಾದ್ರೆ ಮೇಷ್ಟ್ರಿಗೆ ಕಾಲೇಜಿನಾಗೆ ರೀಡರ್ ಅಂತ ದೊಡ್ಡ ಹುದ್ದೆ ಸಿಗ್ತೈತಂತೆ. ಸೋಮವಾರ ಇಂಟರ್‌ವ್ಯೂ ಐತೆ.

...

ಏನು ತಿಂದೈತೆ ಅಂತ ಹೆಂಗೆ ಗೊತ್ತಾಗ್ತೈತಾ? ಹೇಲು ನೋಡಿ, ಸ್ವಾಮಿ. ... ಹೇಲು! ... ಕೇಳಿಸ್ಲಿಲ್ವಾ? ಹೇ... ಲು! ... ಏ, ನೀನ್ಯಾಕಮ್ಮ ನಗ್ತೀಯ, ಸ್ಟಾಂಪ್ ತಗಂಡು ನಡಿ. ... ಹಲೋ? ಮೇಷ್ಟ್ರು ಮಲ ಅನ್ರಿ ಅಂತಾವ್ರೆ. ಹೋಗ್ಲಿ, ಮಲ ಅಂದ್ಕಳ್ರಿ.

...

ನಾಯೀದು ಬೇರೆ, ತೋಳದ್ದು ಬೇರೆ. ತೋಳದ್ರಾಗೆ ಕೂದ್ಲು, ಮೂಳೆ ಚೂರು. ಒಣಗಿದ್ರೆ ಸುಣ್ಣದಂಗೆ ಬೆಳ್ಳಗಾಗ್ತೈತೆ. ನಾಯೀದ್ರಾಗೆ ರಾಗಿ ಹೊಟ್ಟು. ತೋಳಕ್ಕೆ ಮುದ್ದೆ ಯಾರು ಮಾಡಿ ಹಾಕ್ತಾರೆ, ಅಲ್ವಾ?

...

ಏನಂದ್ರಿ? ... ಲೇಖನದಾಗೆ ಹಂಗೆ ಬರ್ದೈತಾ? ... ತೋಳ ರಾಗಿ ತಿಂತೈತೆ ಅಂತಲಾ? ... ಹದಿನೇಳು ಹೇಲಿನಾಗೆ ಸಿಕ್ಕೈತೆ ಅಂತಲಾ? ... ಇದುವರ್ಗೂ ಯಾರೂ ಕಂಡ್ಹಿಡೀದೇ ಇದ್ದಿದ್ದು ಅಂತಲಾ?

...

ಒಂದ್ನಿಮಿಷ ಇರ್ರಿ ಸ್ವಾಮಿ. ಮೇಷ್ಟ್ರೇ! ಇದೇನ್ರಿ ಇದು? ಆ ರಾಗಿ ಇರೋವ್ನ ಯಾವಾಗ ಆರಿಸಿದ್ರಿ? ... ನಾನು ಮಗಳ ಮದುವೆಗೆ ಹೊಳಲ್ಕೆರೆಗೆ ಹೋದ ವಾರನಾ? ಒಬ್ರೇನಾ? ... ನಮ್ಮ ಹಟ್ಟಿ ಬೇಲಿ ಪಕ್ಕನಾ? ಅಯ್ಯೋ ನಮ್ಮಪ್ಪ!

...

ಹಲೋ ಸ್ವಾಮಿ... ಆ ರಾಗಿ ಇರೋವು ಹದಿನೇಳೂ ನಮ್ಮ ಕರಿಯಂದು. ... ಕರಿಯ ಅಂದ್ರೆ ನಮ್ಮ ನಾಯಿ. ಮುದ್ದೆ ಅಂದ್ರೆ ಪ್ರಾಣ ಬಿಡ್ತಾನೆ.

...

ಮೇಷ್ಟ್ರಾ? ಟಪಾಲು ಮೂಟೆ ಮ್ಯಾಲೆ ಕುಂತ್ಬಿಟ್ರು. ತಲೆ ಮ್ಯಾಲೆ ಕೈ ಹೊತ್ತವ್ರೆ.

...

ಹಂಗನ್ಬ್ಯಾಡ್ರಿ ಸ್ವಾಮಿ, ವಾಪಸ್ ಕಳಿಸ್ಬ್ಯಾಡ್ರಿ! ಹದಿನೇಳು ತೆಗೆದ್ರೂ ಇನ್ನೂರು ಉಳಿದಾವೆ, ಒಂದೊಂದೂ ನಾನೇ ತೋರ್ಸಿದ್ದು. ... ಅವುಗಳಾಗೆ ಏನಿತ್ತು ಅಂತಲಾ? ಇಲಿ ಕೂದ್ಲು, ಮೊಲದ ಕೂದ್ಲು, ಬಾರೆ ಹಣ್ಣಿನ ಬೀಜ. ಕುರಿ ಉಣ್ಣೆ ಸಿಕ್ಕಿದ್ದು ಮೂವತ್ತರಾಗೆ ಅಷ್ಟೇ.

...

ಹೌದು ಸ್ವಾಮಿ, ಕುರಿ ಕಾಯೋನೇ ಹೇಳ್ತಿದೀನಿ. ನಾನೂ ನಂಬಿರ್ಲಿಲ್ಲ. ಒಂದು ಮರಿ ಕಾಣಿಸ್ದಿದ್ರೂ ತೋಳಕ್ಕೇ ಬೈತಿದ್ದೆ. ಮೇಷ್ಟ್ರು ಒಂದೊಂದನ್ನೂ ನೀರಾಗೆ ನೆನೆಹಾಕಿ, ಜರಡಿ ಹಿಡಿದು, ಮೂಗೂ ಮುಚ್ಕಳ್ದೆ ಎಣಿಸಿ ತೋರ್ಸಿದ್ರು ನೋಡ್ರಿ, ಆವತ್ತಿಂದ ಬೈಯೋದು ಬಿಟ್ಟೆ. ಹೆಂಡ್ತಿ ಜುಂಜಮ್ಮ ತನ್ನ ಜರಡಿ ಹೋತು ಅಂತ ಇವತ್ತಿಗೂ ಬೈತಾಳೆ, ಅದು ಬ್ಯಾರೆ ವಿಷ್ಯ.

...

ಹಾಂ? ... ಅದೇ ದೊಡ್ಡ ವಿಷ್ಯನಾ? ಇಲಿ ತಿನ್ನೋದಾ? ... ರಾಗಿ ಕಿತ್ತಾಕಿ, ಇಲಿ ಮುಂದಕ್ಕೆ ತಂದು ಬರೆದ್ರೆ ಅಚ್ಚು ಹಾಕ್ತೀರಾ? ... ಸೋಮವಾರದೊಳಗೆ ತಂತಿ ಕೊಡ್ತೀರಾ? ... ಮೇಷ್ಟ್ರೇ, ಏಳ್ರಿ! ಒಪ್ಕಂಡ್ರು! ... ಅಯ್ಯೋ, ಅಳಬ್ಯಾಡ್ರಿ, ಜನ ನೋಡ್ತಾವ್ರೆ.

...

ಮೊದ್ಲು ನನ್ ಹೆಸ್ರಾ? ಬ್ಯಾಡ ಸ್ವಾಮಿ, ಅವ್ರದೇ ಇರ್ಲಿ. ರೀಡರ್ ಆಗೋರು ಅವ್ರು, ನಾನಲ್ಲ.

...

ಏನು? ... ಹೋದ್ವರ್ಷ ಅವ್ರದೊಂದು ಲೇಖನ ನೀವೇ ಹಾಕಿದ್ರಾ? ... ನರಿ ಕೂಗಿನ ಮ್ಯಾಲಾ? ... ಯಾವ ನರಿ? ... ಹುಣಸೆ ತೋಪಿನಾಗೆ ಸಂತೆ ದಿನ ಮಾತ್ರ ಕೂಗೋ ಅಪರೂಪದ ನರಿನಾ?

...

ಸ್ವಾಮಿ, ಅದು ನರಿ ಅಲ್ಲ. ನನ್ ಭಾಮೈದ ಪಾಲಣ್ಣ. ಸಂತೆ ದಿನ ಕುಡಿದ್ರೆ ಹಂಗೇ... ಮೇಷ್ಟ್ರೇ, ವೈರ್ ಯಾಕೆ ಎಳೀತೀರಿ? ಬಿಡ್ರಿ... ಹಲೋ, ಸ್ವಾಮಿ, ಕೇಳಿಸ್ತೈತಾ? ಪಾ... ಲ...